ಆರು ವರ್ಷ ನಿಂತ ಮ್ಯಾಸ್ಸಿ 1035 ಟ್ರ್ಯಾಕ್ಟರ್: ಚಾಲೂ ಮಾಡೋದಾ, ಗುಜರಿಗೆ ಕೊಡೋದಾ?

ಕೆಂಪುಮಣ್ಣು · ಸೆಪ್ಟೆಂಬರ್ 6

ನಮಸ್ಕಾರ. ಇಲ್ಲಿ ಓದಿದ್ದೇ ಜಾಸ್ತಿ, ಬರೆಯುತ್ತಿರುವುದು ಇದೇ ಮೊದಲು. ನಮ್ಮೂರು ಗುಬ್ಬಿ ಕಡೆ. ನಾನಿರುವುದು ಬೆಂಗಳೂರಿನಲ್ಲಿ, ದಿನವಿಡೀ ಕಂಪ್ಯೂಟರ್ ಮುಂದಿನ ಕೆಲಸ.

ಅಪ್ಪ 1982ರಲ್ಲಿ ಹೊಸದಾಗಿ ತಂದ ಮ್ಯಾಸ್ಸಿ 1035 ಮನೆಯಲ್ಲಿದೆ. ಸಿಂಪ್ಸನ್ ಇಂಜಿನ್, ಮೂರು ಸಿಲಿಂಡರ್. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಅವತ್ತಿನಿಂದ ಗಾಡಿ ಕೊಟ್ಟಿಗೆಯಲ್ಲೇ ನಿಂತಿದೆ. ಹೆಂಚು ಎರಡು ಕಡೆ ಒಡೆದು ಮಳೆನೀರು ಸೀದಾ ಗೇರ್ ಲಿವರ್ ಮೇಲೆ ಬೀಳುತ್ತದೆ. ಹಿಂದಿನ ಎರಡೂ ಟೈರ್ ಕೂತಿವೆ. ಬ್ಯಾಟರಿಯನ್ನು ಯಾವಾಗಲೋ ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ.

ಚಿಕ್ಕಪ್ಪ ಗುಜರಿಯವನನ್ನು ಕರೆಸಿ ಬೆಲೆ ಕಟ್ಟಿಸಿದ್ದಾರೆ. 70 ಸಾವಿರ ಅಂದನಂತೆ. "ಇಟ್ಟುಕೊಂಡು ಏನ್ ಪೂಜೆ ಮಾಡ್ತೀಯಾ?" ಅಂತ ಕೇಳಿದರು. ಆಯುಧಪೂಜೆವರೆಗೂ ಟೈಮ್ ಕೊಡಿ ಅಂತ ಕೇಳಿಕೊಂಡಿದ್ದೇನೆ.

ಊರಿನ ಗೆಳೆಯ ತನ್ನ ಗಾಡಿಗೆ ಕಟ್ಟಿ ಎಳೆದರೆ ಐದೇ ನಿಮಿಷದಲ್ಲಿ ಚಾಲೂ ಆಗುತ್ತದೆ ಅನ್ನುತ್ತಾನೆ. ನಾಳೆ ಬೆಳಿಗ್ಗೆ ಎಳೆಯೋಣವಾ?

ಸ್ಪ್ಯಾನರ್17 · ಸೆಪ್ಟೆಂಬರ್ 6

ಬೇಡ. ನಾಳೆಯೂ ಬೇಡ, ನಾಡಿದ್ದೂ ಬೇಡ. ಗೆಳೆಯನಿಗೆ ಕಾಫಿ ಕೊಟ್ಟು ಕಳಿಸು.

ತಮ್ಮ, ನಾನು ಹರಿಹರದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇದೇ ಕೆಲಸ ಮಾಡಿದವನು. ನಿಂತ ಗಾಡಿಯನ್ನು ಎಳೆದು ಕೆಡಿಸಿದ್ದನ್ನು ನೋಡಿದಷ್ಟು, ಓಡಿ ಕೆಟ್ಟಿದ್ದನ್ನು ನೋಡಿಲ್ಲ. ಆರು ವರ್ಷದಲ್ಲಿ ಪಿಸ್ಟನ್ ರಿಂಗ್ ಸಿಲಿಂಡರ್ ಒಳಗಿನ ಲೈನರ್‌ಗೆ ಹಿಡಿದುಕೊಂಡಿರುತ್ತದೆ. ಒಂದೆರಡು ವಾಲ್ವ್ ಗೈಡ್‌ನಲ್ಲಿ ಕಚ್ಚಿರುತ್ತವೆ. ಅದನ್ನು ಇನ್ನೊಂದು ಟ್ರ್ಯಾಕ್ಟರ್ ಬಲದಲ್ಲಿ ಎಳೆದರೆ ರಿಂಗ್ ಮುರಿಯುತ್ತದೆ, ಪುಶ್‌ರಾಡ್ ಬಾಗುತ್ತದೆ. ಐದು ನಿಮಿಷದ ಆಸೆಗೆ ಹಾಫ್ ಇಂಜಿನ್ ಕೆಲಸ.

ಮೊದಲು ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸುವ ಮೂರೂ ನಾಜಲ್ ಬಿಚ್ಚು. ಸುತ್ತ ಇರುವ ಮಣ್ಣನ್ನು ಬ್ರಷ್‌ನಲ್ಲಿ ತೆಗೆದು ಆಮೇಲೆ ಬಿಚ್ಚು, ಇಲ್ಲದಿದ್ದರೆ ಮಣ್ಣೆಲ್ಲ ಸಿಲಿಂಡರ್ ಒಳಗೆ ಬೀಳುತ್ತದೆ. ಒಂದೊಂದು ತೂತಿಗೂ ಡೀಸೆಲ್ ಮತ್ತು ಇಂಜಿನ್ ಆಯಿಲ್ ಸಮಸಮ ಬೆರೆಸಿ ಸ್ವಲ್ಪ ಬಿಡು. ಚಿಂದಿಯಿಂದ ಬಾಯಿ ಮುಚ್ಚು. ಎರಡು ಮೂರು ದಿನ ಮುಟ್ಟಬೇಡ. ಆಮೇಲೆ ಗೇರ್ ನ್ಯೂಟ್ರಲ್‌ಗೆ ಹಾಕಿ, ಮುಂದಿನ ಪುಲ್ಲಿ ನಟ್‌ಗೆ ದೊಡ್ಡ ಸ್ಪ್ಯಾನರ್ ಕೊಟ್ಟು ಕೈಯಲ್ಲೇ ತಿರುಗಿಸಿ ನೋಡು. ತಿರುಗಿದರೆ ನಿನ್ನ ಅದೃಷ್ಟ. ತಿರುಗದಿದ್ದರೆ ಇನ್ನೊಂದು ವಾರ ನೆನೆಯಲಿ. ಪೈಪ್ ಸಿಕ್ಕಿಸಿ ಬಲ ಹಾಕಬೇಡ.

ಅಷ್ಟರಲ್ಲಿ ಟ್ಯಾಂಕಿನ ಡೀಸೆಲ್ ಪೂರ್ತಿ ಖಾಲಿ ಮಾಡು. ಎರಡೂ ಡೀಸೆಲ್ ಫಿಲ್ಟರ್ ಹೊಸದು ಹಾಕು. ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಬದಲಿಸು. ಏರ್ ಕ್ಲೀನರ್ ಕೆಳಗಿನ ಬಟ್ಟಲು ಬಿಚ್ಚಿ ನೋಡು, ಒಳಗೆ ಇಲಿ ಸಂಸಾರ ಹೂಡಿರುತ್ತದೆ.

ಮುಖ್ಯವಾದದ್ದು ಇನ್ನೊಂದಿದೆ. ಎಳೆದು ನಿಲ್ಲಿಸುವ ಸ್ಟಾಪ್ ನಾಬ್ ಇದೆಯಲ್ಲ, ಅದರ ಕೇಬಲ್ ಡೀಸೆಲ್ ಪಂಪ್ ಹತ್ತಿರದ ಲಿವರ್‌ವರೆಗೂ ಆಡುತ್ತದಾ ನೋಡು. ಇಂಥ ಹಳೆಯ ಡೀಸೆಲ್ ಇಂಜಿನ್ ಕೀ ತಿರುಗಿಸಿದರೆ ನಿಲ್ಲುವುದಿಲ್ಲ. ನಿಲ್ಲಿಸುವ ದಾರಿ ಗೊತ್ತಿಲ್ಲದೆ ಚಾಲೂ ಮಾಡಬಾರದು.

ಅಡಿಕೆಸಾಲು · ಸೆಪ್ಟೆಂಬರ್ 7

ಎಲ್ಲರೂ ಭಾವನೆ ಮೇಲೆ ಬರೆಯುತ್ತಾರೆ, ನಾನು ಲೆಕ್ಕ ಹೇಳುತ್ತೇನೆ. ನಾನೂ ಹೀಗೇ ಅಜ್ಜನ ಗಾಡಿ ಅಂತ ಒಂದು ಹಳೆಯ ಟ್ರ್ಯಾಕ್ಟರ್ ರಿಪೇರಿಗೆ ಇಳಿದೆ. ಲೈನರ್ ಪಿಸ್ಟನ್ ಸೆಟ್, ಕ್ರ್ಯಾಂಕ್ ಗ್ರೈಂಡಿಂಗ್, ಪಂಪ್ ಕೆಲಸ, ಕ್ಲಚ್, ಎರಡು ಹಿಂದಿನ ಟೈರ್. ಒಂದೂಮುಕ್ಕಾಲು ಲಕ್ಷ ಕೈಬಿಟ್ಟಿತು. ಆಮೇಲೆ ತೋಟಕ್ಕೆ ಇಳಿಸಿದರೆ ಸಾಲಿನ ಮಧ್ಯೆ ತಿರುಗುವುದೇ ಇಲ್ಲ! ಈಗ ಚಿಕ್ಕ ಗಾಡಿಯಲ್ಲಿ ಕೆಲಸ ಮಾಡುತ್ತೇನೆ, ಅದು ಶೆಡ್‌ನಲ್ಲಿ ಕೋಳಿಗೆ ಮೊಟ್ಟೆ ಇಡುವ ಜಾಗ ಆಗಿದೆ.

ಚಿಕ್ಕಪ್ಪ ಹೇಳಿದ್ದರಲ್ಲಿ ತಪ್ಪೇನಿದೆ? ಇಟ್ಟುಕೊಂಡು ಏನು ಮಾಡುತ್ತೀರಿ ಅನ್ನುವುದಕ್ಕೆ ಉತ್ತರ ಇಲ್ಲದಿದ್ದರೆ ಕೊಟ್ಟುಬಿಡಿ.

ಎರೆಹೊಲ · ಸೆಪ್ಟೆಂಬರ್ 7

ಅಡಿಕೆಸಾಲು ಅವರೇ, ನಿಮ್ಮ ಲೆಕ್ಕ ಸರಿ. ಆದರೆ ಅದು ಗಾಡಿಯ ತಪ್ಪಲ್ಲ ಬಿಡ್ರಿ. ತೋಟಕ್ಕೆ ಹೊಂದದ ಗಾಡಿಗೆ ಇಂಜಿನ್ ಕೆಲಸ ಮಾಡಿಸಿದ್ದೀರಿ.

ನಮ್ಮಲ್ಲಿ ಮಹೀಂದ್ರ ಬಿ-275 ಇದೆ, ನಾಲ್ಕು ಸಿಲಿಂಡರ್. ಗದಗ ಕಡೆ ಹಳಬರು ಇದನ್ನು ಈಗಲೂ "ಇಂಟರ್‌ನ್ಯಾಷನಲ್" ಅಂತಲೇ ಕರೆಯುತ್ತಾರೆ. ಮಹೀಂದ್ರದವರು 1963ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಜೊತೆ ಸೇರಿ ಕಂಪನಿ ಕಟ್ಟಿದರು. ಹೆಸರು ಅಲ್ಲಿಂದ ಉಳಿಯಿತು. ಬಿ-275 ಮೊದಲು ಇಂಗ್ಲೆಂಡಿನಲ್ಲಿ ಹುಟ್ಟಿದ ಮಾಡೆಲ್.

ವರ್ಷಕ್ಕೆ ನಾವು ಅದರಿಂದ ಮಾಡುವ ಕೆಲಸ ಇಷ್ಟೇ: ಟ್ರೇಲರ್‌ನಲ್ಲಿ ಗೊಬ್ಬರ ಹೊರುವುದು, ಕುಂಟಿ ಹೊಡೆಯುವುದು, ಬಿತ್ತುವುದು, ಸುಗ್ಗಿಯಲ್ಲಿ ಒಕ್ಕುವ ಮಷಿನ್ ತಿರುಗಿಸುವುದು. ಹೊಸ ಗಾಡಿಗೆ ಕಂತು ಕಟ್ಟುವಷ್ಟು ಹೊಲ ನಮಗಿಲ್ಲ. ಇರುವ ಎಂಟು ಎಕರೆಗೆ ಇದು ಬೇಕಾದಷ್ಟಾಯಿತು. ಹೋದ ವರ್ಷ ಖರ್ಚು ಬಂದಿದ್ದು ಆಯಿಲ್, ಫಿಲ್ಟರ್, ಒಂದು ಫ್ಯಾನ್ ಬೆಲ್ಟ್, ಒಂದು ಟ್ಯೂಬ್.

ಹಾಗಾಗಿ ಕೆಂಪುಮಣ್ಣು, ಎಷ್ಟು ಎಕರೆ ಇದೆ, ಊರಲ್ಲಿ ಗಾಡಿ ಹತ್ತುವವರು ಯಾರಿದ್ದಾರೆ, ಅದನ್ನು ಮೊದಲು ಹೇಳಿ.

ಗಾಳಿಎಂಜಿನ್ · ಸೆಪ್ಟೆಂಬರ್ 7

ಹಳೆಯ ಐಷರ್ ಇಟ್ಟುಕೊಂಡವನ ಎರಡು ಮಾತು. ಒಂದೇ ಸಿಲಿಂಡರ್, ಗಾಳಿಯಿಂದ ತಂಪಾಗುವ ಇಂಜಿನ್. ರೇಡಿಯೇಟರ್ ಇಲ್ಲ, ಹೋಸ್ ಇಲ್ಲ, ನೀರು ಸೋರುವ ತಲೆನೋವು ಇಲ್ಲ. 1959ರ ಏಪ್ರಿಲ್ 24ಕ್ಕೆ ಫರೀದಾಬಾದ್‌ನಿಂದ ಮೊದಲ ಐಷರ್ ಹೊರಬಂತು. ನಮ್ಮ ದೇಶದಲ್ಲೇ ಕಟ್ಟಿದ ಮೊದಲ ಟ್ರ್ಯಾಕ್ಟರ್ ಅದು. ಡುಬ್ ಡುಬ್ ಸದ್ದು ಅರ್ಧ ಮೈಲಿ ದೂರಕ್ಕೇ ಗೊತ್ತಾಗುತ್ತದೆ. ನಮ್ಮ ಮನೆಯ ಎಮ್ಮೆ ಆ ಸದ್ದಿಗೇ ಎದ್ದು ನಿಲ್ಲುತ್ತದೆ.

ಪ್ರಶ್ನೆಗೆ ಸಂಬಂಧ ಇಲ್ಲ ಅಂತ ಗೊತ್ತು. ಆದರೂ ಹೇಳಬೇಕು ಅನ್ನಿಸಿತು.

ಕೆಂಪುಮಣ್ಣು · ಸೆಪ್ಟೆಂಬರ್ 14

ಎಳೆಯಲಿಲ್ಲ. ಗೆಳೆಯನಿಗೆ ಸ್ವಲ್ಪ ಬೇಜಾರಾಯಿತು.

ಜಮೀನು ಐದೂವರೆ ಎಕರೆ. ಮೂರು ಎಕರೆ ರಾಗಿ, ಉಳಿದದ್ದು ತೆಂಗು. ಈಗ ಬಾಡಿಗೆ ಗಾಡಿ ಕರೆಸಿ ಉಳುಮೆ ಮಾಡಿಸುತ್ತೇವೆ. ಹದ ಇದ್ದಾಗ ಬಾಡಿಗೆಯವನು ಬರುವುದಿಲ್ಲ, ಅವನು ಬರುವ ಹೊತ್ತಿಗೆ ಹದ ಹೋಗಿರುತ್ತದೆ. ಅಮ್ಮ ಪ್ರತಿ ವರ್ಷ ಬೈದುಕೊಳ್ಳುವುದು ಇದಕ್ಕೇ. ಗಾಡಿ ಓಡಿಸಲು ಮಾವನ ಮಗ ಇದ್ದಾನೆ.

ಈ ವಾರ ಆಗಿದ್ದು: ನಾಜಲ್ ಬಿಚ್ಚಿದೆವು. ಎರಡು ಸಲೀಸಾಗಿ ಬಂದವು, ಒಂದಕ್ಕೆ ಅರ್ಧ ದಿನ ಹಿಡಿಯಿತು. ಶನಿವಾರ ಸಂಜೆ ಪುಲ್ಲಿಗೆ ಸ್ಪ್ಯಾನರ್ ಕೊಟ್ಟಾಗ ಕದಲಲಿಲ್ಲ. ಇವತ್ತು ಬೆಳಿಗ್ಗೆ ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮುಂದಕ್ಕೆ ಆಡಿಸುತ್ತಿದ್ದಾಗ "ಕಿರ್" ಅಂತ ಒಂದು ಸದ್ದು ಬಂದು ತಿರುಗಿತು! ಮೂರು ಸುತ್ತು ಸುತ್ತಿಸಿ ಕೈ ಬಿಟ್ಟೆ. ಅಮ್ಮ ಕೊಟ್ಟಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಏನೂ ಮಾತಾಡಲಿಲ್ಲ.

ಟ್ಯಾಂಕಿನಿಂದ ಬಾಂಡ್ಲಿಗೆ ಬಿಟ್ಟ ಡೀಸೆಲ್ ಕಾಫಿ ಡಿಕಾಕ್ಷನ್ ಬಣ್ಣ ಇತ್ತು. ತಳದಲ್ಲಿ ಎರಡು ಲೋಟ ನೀರು. ಏರ್ ಕ್ಲೀನರ್‌ನಲ್ಲಿ ಇಲಿ ಇರಲಿಲ್ಲ, ಕಣಜದ ಗೂಡಿತ್ತು.

ಸ್ಪ್ಯಾನರ್17 · ಸೆಪ್ಟೆಂಬರ್ 14

ಶಭಾಷ್. ನಾಜಲ್‌ಗಳನ್ನು ಹಾಗೇ ವಾಪಸ್ ಹಾಕಬೇಡ. ಪಂಪ್ ಕ್ಯಾಲಿಬ್ರೇಷನ್ ಮಾಡುವ ಅಂಗಡಿಗೆ ಒಯ್ದು ಟೆಸ್ಟ್ ಮಾಡಿಸು. ಮಂಜಿನ ಹಾಗೆ ಚಿಮ್ಮಬೇಕು, ತೊಟ್ಟಿಕ್ಕಬಾರದು. ಕೆಳಗಿನ ತಾಮ್ರದ ವಾಷರ್ ಪ್ರತಿ ಸಲವೂ ಹೊಸದೇ ಹಾಕಬೇಕು.

ಇನ್ನು ಏರ್ ತೆಗೆಯುವುದು. ಡೀಸೆಲ್ ಲೈನ್‌ನಲ್ಲಿ ಗಾಳಿ ಇದ್ದರೆ ಇಡೀ ದಿನ ಸೆಲ್ಫ್ ಹೊಡೆದರೂ ಚಾಲೂ ಆಗದು. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪ್ ಪಕ್ಕದಲ್ಲಿ ಕೈಯಿಂದ ಒತ್ತುವ ಚಿಕ್ಕ ಲಿವರ್ ಇದೆ. ಮೊದಲು ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಲಿವರ್ ಒತ್ತುತ್ತಾ ಇರು. ನೊರೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡು. ಆಮೇಲೆ ಪಂಪ್ ಮೇಲಿನ ಸ್ಕ್ರೂ, ಅಲ್ಲೂ ಹಾಗೇ. ಕೊನೆಗೆ ನಾಜಲ್ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ, ಬೇರೆಯವರು ಸೆಲ್ಫ್ ಹೊಡೆಯಲಿ. ಡೀಸೆಲ್ ಚಿಮ್ಮಿದ ಕೂಡಲೇ ಬಿಗಿ. ಚಿಮ್ಮುವ ಜಾಗಕ್ಕೆ ಕೈ, ಮುಖ ಕೊಡಬೇಡ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ಹೋಗುತ್ತದೆ.

ಲಿವರ್ ಒತ್ತಿದರೆ ಸುಮ್ನೆ ಸಡಿಲವಾಗಿ ಆಡಿ ಡೀಸೆಲ್ ಬಾರದಿದ್ದರೆ ಲಿಫ್ಟ್ ಪಂಪ್ ಹೋಗಿದೆ ಅಂತ ಹೊಸದು ತರಬೇಡ. ಕ್ಯಾಮ್ ಮೇಲೆ ಕೂತಿರುತ್ತದೆ. ಇಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತು. ಈ ಒಂದು ಕಾರಣಕ್ಕೆ ಎಷ್ಟು ಒಳ್ಳೆಯ ಪಂಪ್‌ಗಳು ಗುಜರಿಗೆ ಹೋಗಿವೆಯೋ.

ನಾಲೆಬಯಲು · ಸೆಪ್ಟೆಂಬರ್ 15

ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಹಾಕಬೇಡಿ. ನಿಮ್ಮ ಕಡೆ ನೀರು ಗಡಸು. ಒಳಗೆಲ್ಲ ಬಿಳಿ ಉಪ್ಪು ಕಟ್ಟಿ ಇಂಜಿನ್ ಕಾಯುತ್ತದೆ. ಹೆಂಚಿನಿಂದ ಬಿದ್ದ ಮಳೆನೀರು ಸೋಸಿ ಹಾಕಿ, ಹೇಗಿದ್ದರೂ ನಿಮ್ಮ ಕೊಟ್ಟಿಗೆ ಸೋರುತ್ತಿದೆಯಲ್ಲ :) ಜೊತೆಗೆ ಕೂಲಂಟ್.

ಇಂಜಿನ್ ಆಯಿಲ್ ಯಾವುದು ಹಾಕಿದಿರಿ? ಹಳೇ ಗಾಡಿಗೆ 40 ನಂಬರ್ ಮಂದ ಆಯಿಲ್ಲೇ ಆಗಬೇಕು. ಈಗಿನ 15ಡಬ್ಲ್ಯೂ-40 ನೀರಿನ ಹಾಗೆ, ಎಲ್ಲಾ ಸಂದಿಯಲ್ಲೂ ಸೋರುತ್ತದೆ.

ಎರೆಹೊಲ · ಸೆಪ್ಟೆಂಬರ್ 15

ಇದೊಂದು ಮಾತು ಎಲ್ಲಾ ಗ್ಯಾರೇಜಿನಲ್ಲೂ ಕೇಳುತ್ತೇನೆ. 15ಡಬ್ಲ್ಯೂ-40 ಕಾದಾಗ 40 ನಂಬರ್‌ನಷ್ಟೇ ಮಂದ. ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ತೆಳು. ಅದೇ ಬೇಕಾಗಿದ್ದು, ಆಯಿಲ್ ಬೇಗ ಮೇಲಕ್ಕೆ ಹೋಗಲಿ ಅಂತ. ಏಳು ವರ್ಷದಿಂದ ಬಿ-275ಕ್ಕೆ ಅದನ್ನೇ ಹಾಕುತ್ತಿದ್ದೇನೆ. ಸೋರುವ ಗಾಡಿ ಯಾವ ಆಯಿಲ್ ಹಾಕಿದರೂ ಸೋರುತ್ತದೆ.

ನಾಲೆಬಯಲು · ಸೆಪ್ಟೆಂಬರ್ 15

ನಿಮ್ಮ ಗಾಡಿ ಒಣಹೊಲದ್ದು. ನಮ್ಮದು ಮಂಡ್ಯದ ಕೆಸರುಗದ್ದೆಯಲ್ಲಿ ಕೇಜ್‌ವೀಲ್ ಹಾಕಿಕೊಂಡು ದಿನವಿಡೀ ಉರುಳುವ ಗಾಡಿ. ಕಾಯುವುದೇ ಬೇರೆ ತರ.

ಸ್ಪ್ಯಾನರ್17 · ಸೆಪ್ಟೆಂಬರ್ 15

ಇಬ್ಬರೂ ಸುಮ್ಮನಿರಿ. ಯಾವುದಾದರೂ ಹಾಕಲಿ, ಹೊತ್ತಿಗೆ ಸರಿಯಾಗಿ ಬದಲಿಸಲಿ. ಆಯಿಲ್ ಬಗ್ಗೆ ಜಗಳ ಆಡುವವರ ಗಾಡಿಯಲ್ಲೇ ಗ್ರೀಸ್ ನಿಪ್ಪಲ್ ಒಣಗಿರುವುದು ನೋಡಿದ್ದೇನೆ.

ಕೆಂಪುಮಣ್ಣು · ಅಕ್ಟೋಬರ್ 2

ಮೊನ್ನೆ ರಾತ್ರಿ ಎಂಟಕ್ಕೆ ಚಾಲೂ ಆಯಿತು!

ಮೊದಲು ಬೆಳ್ಳಗೆ ಹೊಗೆ, ಕೊಟ್ಟಿಗೆ ಪೂರ್ತಿ. ಎರಡು ಸಿಲಿಂಡರ್‌ನಲ್ಲಿ ಕುಂಟುತ್ತಾ ಓಡಿತು. ಅರ್ಧ ನಿಮಿಷಕ್ಕೆ ಮೂರನೆಯದೂ ಹಿಡಿದುಕೊಂಡಿತು. ಆಯಿಲ್ ಮೀಟರಿನ ಮುಳ್ಳು ಮೇಲೆ ಬಂದು ನಿಂತಿತು. ಪಕ್ಕದ ಮನೆಯವರು ಬೆಂಕಿ ಬಿತ್ತು ಅಂತ ಕೊಡ ಹಿಡಿದು ಓಡಿ ಬಂದರು. ಸ್ಟಾಪ್ ನಾಬ್ ಎಳೆದೆ, ನಿಂತಿತು. ಸ್ಪ್ಯಾನರ್ ಅಣ್ಣ, ಕೇಬಲ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನೀವು ಹೇಳದಿದ್ದರೆ ನೋಡುತ್ತಲೇ ಇರಲಿಲ್ಲ.

ನಿನ್ನೆ ಆಯುಧಪೂಜೆಗೆ ತೊಳೆದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದೆವು. ಆದರೆ ಗಾಡಿ ಕೊಟ್ಟಿಗೆಯಿಂದ ಆಚೆ ಬರಲಿಲ್ಲ. ಗಾಲಿ ಕೆಳಗೆ ನಿಂಬೆಹಣ್ಣು ಇಟ್ಟರು, ಅದು ಹಾಗೇ ಇದೆ. ಚಿಕ್ಕಪ್ಪ ಅದನ್ನು ನೋಡಿ ನಕ್ಕರು.

ತೊಂದರೆ ಎರಡು.

ಒಂದು, ಇಂಜಿನ್ ಓಡುವಾಗ ಕ್ಲಚ್ ಪೂರ್ತಿ ಒತ್ತಿದರೂ ಗೇರ್ ಬೀಳುವುದಿಲ್ಲ, ಕಟಕಟ ಅನ್ನುತ್ತದೆ. ಇಂಜಿನ್ ನಿಂತಿರುವಾಗ ಎಲ್ಲಾ ಗೇರ್ ಸಲೀಸಾಗಿ ಬೀಳುತ್ತವೆ.

ಎರಡು, ಹಿಂದೆ ಕಟ್ಟಿದ ಉಪಕರಣ ಎತ್ತುವ ಹೈಡ್ರಾಲಿಕ್ ಲಿಫ್ಟ್ ಏಳುತ್ತಿಲ್ಲ. ಲಿವರ್ ಮೇಲೆ ಕೆಳಗೆ ಮಾಡಿ ಸಾಕಾಯಿತು. ಪೇಟೆಯ ಗ್ಯಾರೇಜಿನವನು ಫೋನಿನಲ್ಲೇ "ಪಂಪ್ ಹೋಗಿದೆ, 18 ಸಾವಿರ ಆಗುತ್ತದೆ" ಅಂದ.

ಸ್ಪ್ಯಾನರ್17 · ಅಕ್ಟೋಬರ್ 2

ಎರಡನೆಯದಕ್ಕೆ ಮೊದಲು ಉತ್ತರ. ಸೀಟಿನಲ್ಲಿ ಕೂತಾಗ ಎಡಗಡೆ ಕೆಳಗೆ ಪಿಟಿಒ ಲಿವರ್ ಇದೆ, ಹಿಂದೆ ಜೋಡಿಸಿದ ಮಷಿನ್ ತಿರುಗಿಸುವ ಶಾಫ್ಟಿನದ್ದು. ಅದು ಹಾಕಿದೆಯಾ?

ಕೆಂಪುಮಣ್ಣು · ಅಕ್ಟೋಬರ್ 2

ಇಲ್ಲ ಅಣ್ಣ. ಹಿಂದೆ ಏನೂ ಮಷಿನ್ ಜೋಡಿಸಿಲ್ಲವಲ್ಲ, ಅದು ಯಾಕೆ?

ಎರೆಹೊಲ · ಅಕ್ಟೋಬರ್ 2

ಹಹ್ಹಾ. 18 ಸಾವಿರ ಉಳೀತು ನೋಡ್ರಿ.

ಸ್ಪ್ಯಾನರ್17 · ಅಕ್ಟೋಬರ್ 2

ಈ ಗಾಡಿಯಲ್ಲಿ ಹೈಡ್ರಾಲಿಕ್ ಪಂಪ್ ಹಿಂದಿನ ಹೌಸಿಂಗ್ ಒಳಗೆ, ಆಯಿಲ್‌ನಲ್ಲಿ ಮುಳುಗಿ ಕೂತಿದೆ. ಅದನ್ನು ತಿರುಗಿಸುವುದೇ ಪಿಟಿಒ ಶಾಫ್ಟ್. ಲಿವರ್ ಬಿಟ್ಟಿದ್ದರೆ ಪಂಪ್ ತಿರುಗುವುದಿಲ್ಲ, ಲಿಫ್ಟ್ ಏಳುವುದಿಲ್ಲ. ಹೊಸ ಗಾಡಿ ಓಡಿಸಿದವರಿಗೆ ಇದು ಗೊತ್ತಿರುವುದಿಲ್ಲ. ನಿಮ್ಮಪ್ಪ ನಿಲ್ಲಿಸುವಾಗ ಲಿವರ್ ಬಿಟ್ಟು ನಿಲ್ಲಿಸಿದ್ದಾರೆ ಅಂದರೆ ಪದ್ಧತಿ ಗೊತ್ತಿದ್ದ ಮನುಷ್ಯ. ಆದರೆ ಈಗ ಅವಸರಕ್ಕೆ ಹಾಕಬೇಡ. ಮೊದಲು ಆ ಆಯಿಲ್ ಯಾವ ಬಣ್ಣ ಇದೆ ನೋಡು. ಮಳೆನೀರು ಗೇರ್ ಲಿವರ್ ಮೇಲೆ ಬೀಳುತ್ತದೆ ಅಂದೆಯಲ್ಲ, ಅದು ನನ್ನ ತಲೆಯಲ್ಲಿ ಅವತ್ತಿನಿಂದ ಕೊರೆಯುತ್ತಿದೆ.

ಕ್ಲಚ್ ವಿಷಯ: ಪ್ಲೇಟ್ ಫ್ಲೈವೀಲ್‌ಗೆ ತುಕ್ಕಿನಿಂದ ಅಂಟಿಕೊಂಡಿದೆ. ನಿಂತ ಗಾಡಿಗಳಲ್ಲಿ ಸಾಮಾನ್ಯ. ಇಂಜಿನ್ ಅರ್ಧ ಗಂಟೆ ಓಡಿಸಿ ಚೆನ್ನಾಗಿ ಕಾಯಿಸಿ ನಿಲ್ಲಿಸು. ಮುಂದೆ ಐವತ್ತು ಮಾರು ಖಾಲಿ ಇರುವ ಬಯಲಿಗೆ ಗಾಡಿ ತಳ್ಳಿಸಿಕೊಂಡು ಹೋಗು. ಲೋ ಎರಡನೇ ಗೇರ್ ಹಾಕಿ, ಕ್ಲಚ್ ಒತ್ತಿ ಹಿಡಿದೇ ಸೆಲ್ಫ್ ಹೊಡೆ. ಗಾಡಿ ಕೂಡಲೇ ಮುಂದಕ್ಕೆ ಜಿಗಿಯುತ್ತದೆ, ಸಿದ್ಧವಾಗಿರು. ಎರಡೂ ಬ್ರೇಕ್ ಪೆಡಲ್ ಕೊಂಡಿ ಹಾಕಿ ಒಂದು ಮಾಡಿರಬೇಕು. ಓಡುತ್ತಿರುವಾಗ ಕ್ಲಚ್ ಬಿಡದೆ ಬ್ರೇಕ್ ತಟ್ಟುತ್ತಾ ಬಾ. ಒಂದು ಹಂತದಲ್ಲಿ "ಠಕ್" ಅಂತ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಸ್ಟಾಪ್ ನಾಬ್ ಎಳೆದು ನಿಲ್ಲಿಸು. ಗಾಡಿ ಮುಂದೆ ಮಕ್ಕಳು ಮರಿ ಯಾರೂ ಇರಬಾರದು. ಇದನ್ನು ನೀನು ಮಾಡಬೇಡ, ಮಾವನ ಮಗ ಮಾಡಲಿ.

ಇನ್ನು ಮುಂದೆ ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಕ್ಲಚ್ ಪೆಡಲ್ ಒತ್ತಿ ಕಟ್ಟಿಗೆ ಕೊಟ್ಟು ನಿಲ್ಲಿಸು.

ಕೊವೆಂಟ್ರಿಬೀದಿ · ಅಕ್ಟೋಬರ್ 3

ನಾನು ತಿಪಟೂರಿನವನು, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದೇನೆ. ಈ ಮಾತುಕತೆ ಓದಿ ಮಜಾ ಬಂತು. ಯಾಕಂದರೆ ನಿಮ್ಮ 1035ರ ಅಜ್ಜ ಹುಟ್ಟಿದ್ದು ಇಲ್ಲೇ, ಬ್ಯಾನರ್ ಲೇನ್ ಅನ್ನುವ ಕಾರ್ಖಾನೆಯಲ್ಲಿ. ಹ್ಯಾರಿ ಫರ್ಗುಸನ್ ಅವರ ಟಿಇ-20, ಜನ ಕರೆಯುವುದು "ಬೂದು ಫರ್ಗಿ" ಅಂತ. 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಜಾಸ್ತಿ ಮಾಡಿದರು. ನಮ್ಮ ಎಲ್ಲಾ ಟ್ರ್ಯಾಕ್ಟರ್ ಹಿಂದೆ ಇರುವ ಮೂರು ಕೊಂಡಿಯ ಲಿಂಕೇಜ್, ನೇಗಿಲು ಆಳಕ್ಕೆ ಹೋದರೆ ತಾನೇ ಎತ್ತಿಕೊಳ್ಳುವ ಹೈಡ್ರಾಲಿಕ್, ಎರಡನ್ನೂ ಜಗತ್ತಿಗೆ ರೂಢಿ ಮಾಡಿಸಿದ್ದು ಆ ಮನುಷ್ಯ. ಎವರೆಸ್ಟ್ ಹತ್ತಿದ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವ ಮುಟ್ಟಿದ್ದು ಇದೇ ಫರ್ಗುಸನ್ ಟ್ರ್ಯಾಕ್ಟರ್‌ಗಳಲ್ಲಿ. ಗುಬ್ಬಿಯ ಹೊಲ ಯಾವ ಲೆಕ್ಕ!

ಬ್ಯಾನರ್ ಲೇನ್ ಕಾರ್ಖಾನೆ ಈಗ ಇಲ್ಲ, ಅಲ್ಲೆಲ್ಲ ಮನೆಗಳಾಗಿವೆ. ಗಾಡಿಗಳು ಮಾತ್ರ ಇನ್ನೂ ಇವೆ. ನನಗೆ ಗೊತ್ತಿರುವ ಮುದುಕರೊಬ್ಬರ ಫರ್ಗಿಯಲ್ಲಿ ಗೇರ್ ಲಿವರನ್ನೇ ಎಸ್ ಗುರುತಿಗೆ ತಳ್ಳಿದರೆ ಸೆಲ್ಫ್ ಹೊಡೆಯುತ್ತದೆ. ಗೇರ್‌ನಲ್ಲಿದ್ದಾಗ ಚಾಲೂ ಆಗುವ ಅಪಾಯವೇ ಇಲ್ಲ. ಸ್ಪ್ಯಾನರ್ ಅವರು ಹೇಳಿದ ಕ್ಲಚ್ ಉಪಾಯ ಅದರಲ್ಲಿ ನಡೆಯಲ್ಲ ಅನ್ನುವುದು ಬೇರೆ ಮಾತು.

ಪಿಂಜೋರ್2511 · ಅಕ್ಟೋಬರ್ 3

ನೀವೆಲ್ಲ ಪುಣ್ಯವಂತರು. ಕಂಪನಿಗಳು ಬದುಕಿವೆ, ಸ್ಪೇರ್ ಸಿಗುತ್ತದೆ. ನನ್ನದು ಎಚ್‌ಎಂಟಿ 2511. ಚೆಕ್ ದೇಶದ ಜೀಟರ್ ಡಿಸೈನ್, ಹರಿಯಾಣದ ಪಿಂಜೋರ್‌ನಲ್ಲಿ 1971ರಿಂದ ಮಾಡುತ್ತಿದ್ದರು. ಎರಡು ಸಿಲಿಂಡರ್, 25 ಎಚ್‌ಪಿ. ವಾಚಿನ ಎಚ್‌ಎಂಟಿಯೇ, ಬೆಂಗಳೂರಿನದ್ದೇ ಕಂಪನಿ. 2016ರಲ್ಲಿ ಟ್ರ್ಯಾಕ್ಟರ್ ವಿಭಾಗ ಮುಚ್ಚಿತು.

ಆಮೇಲಿನಿಂದ ನನ್ನ ಸ್ಪೇರ್ ಹುಡುಕಾಟ ಒಂದು ಬೇರೆ ಕಥೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದರೆ ಸೀಲ್, ಬೇರಿಂಗ್ ಸಿಗುತ್ತವೆ. ಬೇರಿಂಗಿಗೆ ಟ್ರ್ಯಾಕ್ಟರ್ ಹೆಸರು ಹೇಳಬೇಡಿ, ಹಳೆಯದರ ಮೇಲೆ ಕೊರೆದ ನಂಬರ್ ಓದಿ ಹೇಳಿ. ಅದೇ ಬೇರಿಂಗ್ ಬೇರೆ ಗಾಡಿಗೂ ಇರುತ್ತದೆ, ಬೆಲೆ ಅರ್ಧ. ಆಯಿಲ್ ಸೀಲಿಗೂ ಹಾಗೇ: ಒಳಅಳತೆ, ಹೊರಅಳತೆ, ದಪ್ಪ, ಮೂರು ಸಂಖ್ಯೆ ಸಾಕು. ಪಂಜಾಬಿನ ಲುಧಿಯಾನದಿಂದ ಗೇರ್ ತರಿಸಿದ್ದೇನೆ. ಬುಷ್, ಪಿನ್ನು ಇಂಥವನ್ನು ಊರಿನ ಲೇತ್‌ನಲ್ಲೇ ಹೊಡೆಸುತ್ತೇನೆ. ಆ ಲೇತ್ ಹರಿಹರದಲ್ಲಿ ತಯಾರಾದ ಮೈಸೂರು ಕಿರ್ಲೋಸ್ಕರ್. ಅದರ ಕಂಪನಿಯೂ ಈಗಿಲ್ಲ. ಕಂಪನಿ ಮುಚ್ಚಿದ ಲೇತ್‌ನಲ್ಲಿ ಕಂಪನಿ ಮುಚ್ಚಿದ ಟ್ರ್ಯಾಕ್ಟರಿನ ಪಿನ್ನು!

ಸ್ಪ್ಯಾನರ್17 · ಅಕ್ಟೋಬರ್ 3

ಕಿರ್ಲೋಸ್ಕರ್ ಲೇತ್ ಹೆಸರೆತ್ತಿ ರಾತ್ರಿ ನಿದ್ದೆ ಕೆಡಿಸಿದಿರಿ ಸ್ವಾಮಿ. ನಮ್ಮ ಬೀದಿಯಲ್ಲಿ ಅರ್ಧ ಜನ ಅಲ್ಲೇ ಕೆಲಸಕ್ಕಿದ್ದರು.

ಫೈಲ್‌ನಂಬರ್ · ಅಕ್ಟೋಬರ್ 4

ಯಾರೂ ಕಾಗದದ ಬಗ್ಗೆ ಕೇಳಲಿಲ್ಲ, ನಾನೇ ಕೇಳುತ್ತೇನೆ. ಆರ್‌ಸಿ ಯಾರ ಹೆಸರಲ್ಲಿದೆ? 1982 ಅಂದರೆ ಕೆಎ ನಂಬರ್ ಬರುವ ಮೊದಲಿನದು. ಹಳೆಯ ಮಾದರಿಯ ನಂಬರ್ ಇರಬೇಕು.

ಮಾಲೀಕರು ತೀರಿಕೊಂಡಿದ್ದರೆ ಹೆಸರು ಬದಲಾವಣೆಗೆ ಫಾರ್ಮ್ 31. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಜೋಡಿಸಿಕೊಳ್ಳಿ. ಮೂರು ತಿಂಗಳ ಗಡುವು ಎಂದೋ ಮುಗಿದಿದೆ, ದಂಡ ಬೀಳಬಹುದು. ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಅದು ಫಾರ್ಮ್ 25. ಹಳೆಯ ಗಾಡಿಯ ದಾಖಲೆ ಕಂಪ್ಯೂಟರ್‌ಗೆ ಏರಿರದಿದ್ದರೆ ಮೊದಲು ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಟ್ರೇಲರ್ ಇದ್ದರೆ ಅದಕ್ಕೆ ಬೇರೆಯದೇ ಆರ್‌ಸಿ.

"ವಿಂಟೇಜ್ ನಂಬರ್ ಮಾಡಿಸಿಬಿಡಿ" ಅಂತ ಯಾರಾದರೂ ಹೇಳಿಯಾರು. 2021ರಲ್ಲಿ ಕೇಂದ್ರ ಸರ್ಕಾರ ತಂದ ಆ ನಿಯಮ 50 ವರ್ಷ ದಾಟಿದ ವಾಹನಗಳಿಗೆ. ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ಆ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ, ದುಡಿಮೆಗೆ ರಸ್ತೆಗೆ ಇಳಿಸುವ ಹಾಗಿಲ್ಲ. ನಿಮ್ಮದಕ್ಕೆ ವಯಸ್ಸೂ ಆಗಿಲ್ಲ, ಉದ್ದೇಶವೂ ಬೇರೆ.

ಕೆಂಪುಮಣ್ಣು · ಅಕ್ಟೋಬರ್ 12

ಆರ್‌ಸಿ ಅಪ್ಪನ ಹೆಸರಲ್ಲೇ ಇದೆ. ಅಮ್ಮನ ಟ್ರಂಕಿನಲ್ಲಿ, ರೇಷ್ಮೆ ಸೀರೆ ಕೆಳಗೆ ಸಿಕ್ಕಿತು. ಜೊತೆಗೆ ಒಂದು ಸಣ್ಣ ನೋಟ್‌ಬುಕ್. ಅಪ್ಪ ಯಾವತ್ತು ಆಯಿಲ್ ಬದಲಿಸಿದರು, ಯಾರ ಹೊಲಕ್ಕೆ ಎಷ್ಟು ಗಂಟೆ ಹೋದರು, ಯಾರು ಬಾಕಿ ಎಲ್ಲಾ ಬರೆದಿದ್ದಾರೆ. ಚಿಕ್ಕಪ್ಪನ ಹೆಸರಿನ ಮುಂದೆ 1991ರ ನಾಲ್ಕು ಗಂಟೆ ಉಳುಮೆ ಬಾಕಿ ಇದೆ. ತೋರಿಸಿದೆ. ಗುಜರಿ ಮಾತು ಅವತ್ತಿನಿಂದ ಬಂದಿಲ್ಲ.

ಕ್ಲಚ್ ಬಿಟ್ಟಿತು. ಮಾವನ ಮಗ ಮೂರನೇ ಸುತ್ತಿನಲ್ಲಿ ಬ್ರೇಕ್ ತಟ್ಟಿದಾಗ. ಠಕ್ ಅನ್ನಲಿಲ್ಲ ಅಣ್ಣ, ಪಟಾಕಿ ಹೊಡೆದ ಹಾಗಾಯಿತು. ಎಲ್ಲರೂ ಏನೋ ಮುರಿಯಿತು ಅಂದುಕೊಂಡೆವು.

ಹಿಂದಿನ ಆಯಿಲ್ ಹಾಲು ಹಾಕಿದ ಟೀ ಬಣ್ಣ ಇತ್ತು. ನಿಮ್ಮ ಊಹೆ ಸರಿ. 30 ಲೀಟರ್ ಆಸುಪಾಸು ಇಳಿಯಿತು. ಆಮೇಲೆ ಡೀಸೆಲ್ ಹಾಕಿ ತೊಳೆದು ಒಂದು ರಾತ್ರಿ ಬಸಿಯಲು ಬಿಟ್ಟೆವು. ಹೊಸ ಆಯಿಲ್ ಬಿಲ್ಲು ನೋಡಿ ಸ್ವಲ್ಪ ತಲೆ ತಿರುಗಿತು, ನಿಜ. ಗೇರ್ ಲಿವರಿನ ರಬ್ಬರ್ ಬೂಟ್ ಹೊಸದು ಹಾಕಿದೆವು. ಅದರ ಬೆಲೆ ಒಂದು ಊಟದಷ್ಟು. ಆರು ವರ್ಷದ ಹಿಂದೆ ಅದನ್ನು ಹಾಕಿದ್ದರೆ ಇಷ್ಟು ಆಯಿಲ್ ಉಳಿಯುತ್ತಿತ್ತು.

ಪಿಟಿಒ ಲಿವರ್ ಹಾಕಿದೆ. ಲಿಫ್ಟ್ ಮೊದಲು ಏಳಲಿಲ್ಲ. ಆಯಿಲ್ ಕಾದ ಮೇಲೆ ಲಿವರ್ ಇಪ್ಪತ್ತು ಸಲ ಆಡಿಸಿದೆ, ನಿಧಾನ ಎದ್ದಿತು. ಈಗ ಎರಡು ಮೂಟೆ ಗೊಬ್ಬರ ಕಟ್ಟಿದರೂ ಎತ್ತುತ್ತದೆ. ಇಂಜಿನ್ ನಿಲ್ಲಿಸಿದರೆ ಮಾತ್ರ ಹತ್ತು ನಿಮಿಷದಲ್ಲಿ ಇಳಿದುಬಿಡುತ್ತದೆ.

ಒಂದು ಪ್ರಶ್ನೆ. ಊರಲ್ಲಿ ಒಬ್ಬರು ಮಣ್ಣು ಪುಡಿ ಮಾಡುವ ಆರಡಿ ರೋಟವೇಟರ್ ಕಡಿಮೆಗೆ ಕೊಡುತ್ತೇನೆ ಅಂತಿದ್ದಾರೆ. ತಗೊಳ್ಳಲಾ?

ನಾಲೆಬಯಲು · ಅಕ್ಟೋಬರ್ 12

ಬೇಡ. 35 ಎಚ್‌ಪಿ ಅದು ಹುಟ್ಟಿದಾಗ ಇತ್ತು. ಈಗ ಅಷ್ಟು ಇದ್ದರೆ ದೇವರ ದಯೆ. ಆರಡಿ ರೋಟರ್ ಹಾಕಿ ಗಟ್ಟಿ ನೆಲಕ್ಕೆ ಬಿಟ್ಟರೆ ಇಂಜಿನ್ ಕೂಗಿ ಕೂಗಿ ಕಾಯುತ್ತದೆ, ಕ್ಲಚ್ ಸುಡುತ್ತದೆ. ಕಲ್ಟಿವೇಟರ್, ಕುಂಟೆ, ಟ್ರೇಲರ್, ಇಷ್ಟಕ್ಕೆ ಇಟ್ಟುಕೊಳ್ಳಿ. ರೋಟರ್ ಬೇಕಾದ ಒಂದು ದಿನಕ್ಕೆ ಬಾಡಿಗೆ ಗಾಡಿ ಕರೆಸಿ.

ಲಿಫ್ಟ್ ಇಳಿಯುವುದು ಒಳಗಿನ ಪಿಸ್ಟನ್ ರಿಂಗ್ ಸವೆದಿರುವುದಕ್ಕೆ. ಕೆಲಸಕ್ಕೆ ಅಡ್ಡಿ ಇಲ್ಲ. ಆದರೆ ಎತ್ತಿದ ಕಲ್ಟಿವೇಟರ್ ಕೆಳಗೆ ಕೈ ಹಾಕಬೇಡಿ, ಯಾವತ್ತೂ.

ಎರೆಹೊಲ · ಅಕ್ಟೋಬರ್ 12

ಅಪಾಯದ ಮಾತು ಬಂತಲ್ಲ, ಇನ್ನೊಂದು ಸೇರಿಸುತ್ತೇನೆ. ಈ ಗಾಡಿಗಳಿಗೆ ತಲೆ ಮೇಲೆ ರಕ್ಷಣೆಯ ಚೌಕಟ್ಟು ಇಲ್ಲ. ಬುಡ ಕೀಳಬೇಕು, ಸಿಕ್ಕಿಬಿದ್ದ ಲಾರಿ ಎಳೆಯಬೇಕು ಅಂತ ಯಾರಾದರೂ ಬಂದರೆ ಸರಪಳಿಯನ್ನು ಕೆಳಗಿನ ಡ್ರಾಬಾರ್‌ಗೇ ಹಾಕಿ. ಮೇಲಿನ ಟಾಪ್‌ಲಿಂಕ್ ಜಾಗಕ್ಕೆ ಹಾಕಿ ಎಳೆದರೆ ಮುಂದಿನ ಗಾಲಿ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ. ಕ್ಲಚ್ ಒತ್ತುವಷ್ಟು ಸಮಯ ಸಿಗುವುದಿಲ್ಲ. ನಮ್ಮೂರಲ್ಲಿ ಒಬ್ಬರು ಹೀಗೆ ಹೋದರು. ತೆಂಗಿನ ಬುಡ ಕೀಳಲು ನಿಮ್ಮಲ್ಲಿ ಖಂಡಿತ ಯಾರಾದರೂ ಕರೆಯುತ್ತಾರೆ, ಅದಕ್ಕೇ ಹೇಳಿದೆ.

ಪಂಚೆ ಉಟ್ಟು ಪಿಟಿಒ ಹತ್ತಿರ ಹೋಗುವುದೂ ಬೇಡ.

ಅಡಿಕೆಸಾಲು · ಅಕ್ಟೋಬರ್ 13

ಇಲ್ಲಿಯವರೆಗೆ ಖರ್ಚು ಎಷ್ಟಾಯಿತು ಹೇಳಿ, ಮುಚ್ಚಿಡಬೇಡಿ.

ಕೆಂಪುಮಣ್ಣು · ಅಕ್ಟೋಬರ್ 13

ಬ್ಯಾಟರಿ, ಫಿಲ್ಟರ್‌ಗಳು, ಎರಡೂ ಕಡೆಯ ಆಯಿಲ್, ನಾಜಲ್ ಟೆಸ್ಟಿಂಗ್, ಹೋಸ್, ಬೆಲ್ಟ್, ಎರಡು ಟ್ಯೂಬ್, ವೈರಿಂಗ್. ಒಟ್ಟು 31 ಸಾವಿರದ ಹತ್ತಿರ. ಹಿಂದಿನ ಟೈರ್ ಬಿರುಕು ಬಿಟ್ಟಿವೆ. ಈ ವರ್ಷ ತಳ್ಳುತ್ತವೆ, ಮುಂದಿನ ವರ್ಷ ಹಾಕಲೇಬೇಕು. ಆಗ ನೀವು ನಗಬಹುದು.

ಅಡಿಕೆಸಾಲು · ಅಕ್ಟೋಬರ್ 13

ನಗುವುದಿಲ್ಲ. ಇಂಜಿನ್ ಬಿಚ್ಚದೆ ಪಾರಾದಿರಿ, ಅದೇ ದೊಡ್ಡದು. ನನಗೆ ಅವತ್ತು ಎಳೆಯಬೇಡ ಅಂತ ಯಾರೂ ಹೇಳಲಿಲ್ಲ.

ಕೆಂಪುಮಣ್ಣು · ನವೆಂಬರ್ 23

ರಾಗಿ ಕೊಯ್ಲು ಮುಗಿಯಿತು. ತೆನೆಯನ್ನೆಲ್ಲ ಇದೇ ಗಾಡಿಯಲ್ಲಿ ಕಣಕ್ಕೆ ಹೊತ್ತೆವು. ಪಕ್ಕದ ಹೊಲದವರದ್ದೂ ಎರಡು ಟ್ರಿಪ್. ಅಪ್ಪನ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆ ಇದ್ದವು, ಅಮ್ಮ ಅದರಲ್ಲೇ ಬರೆಸಿದರು, ಬಾಕಿ ಸಮೇತ.

ಫಾರ್ಮ್ 31 ಕೊಟ್ಟಾಯಿತು. ಬ್ಯಾಕ್‌ಲಾಗ್ ಆಗಬೇಕು, ಮುಂದಿನ ತಿಂಗಳು ಬನ್ನಿ ಅಂದಿದ್ದಾರೆ.

ಕೊಟ್ಟಿಗೆಯ ಹೆಂಚು ಚಿಕ್ಕಪ್ಪನೇ ನಿಂತು ಹಾಕಿಸಿದರು. ಅವರ ನಾಲ್ಕು ಗಂಟೆ ಬಾಕಿಗೆ ಅದು ವಜಾ ಅಂತೆ.

ಈಗ ಹೊಸದೊಂದು ಶುರುವಾಗಿದೆ. ಎರಡೂ ಬ್ರೇಕ್ ಕೊಂಡಿ ಹಾಕಿ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಬಲಗಡೆ ಡ್ರಮ್ ಕೆಳಗೆ ಎಣ್ಣೆ ಜಿನುಗಿದ ಗುರುತಿದೆ.

ಸ್ಪ್ಯಾನರ್17 · ನವೆಂಬರ್ 23

ಬಲಗಡೆ ಆಕ್ಸಲ್ ಸೀಲ್ ಹೋಗಿದೆ. ಎಣ್ಣೆ ಬ್ರೇಕ್ ಲೈನರ್‌ಗೆ ಬಂದು ಆ ಕಡೆ ಬ್ರೇಕ್ ಹಿಡಿಯುತ್ತಿಲ್ಲ. ಅದು ಸರಿಯಾಗುವವರೆಗೂ ಟ್ರೇಲರ್ ಕಟ್ಟಿ ರಸ್ತೆಗೆ ಇಳಿಯಬೇಡ. ಸೀಲಿನ ಮೂರು ಅಳತೆ ತೆಗೆದು ಇಲ್ಲಿ ಹಾಕು. ಎಣ್ಣೆ ಕುಡಿದ ಲೈನರ್ ಪೆಟ್ರೋಲ್‌ನಲ್ಲಿ ತೊಳೆದರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳುತ್ತಾರೆ, ಕೇಳಬೇಡ, ಹೊಸದು ಹಾಕಿಸು. ಒಂದು ಕಡೆಗಲ್ಲ, ಎರಡೂ ಕಡೆ.